ನೊಣದ ತಾಯಿಯ ಪಾತ್ರದಲ್ಲಿ ನಾನು

ಮಕ್ಕಳಿಗೆ ಪಾಠ ಹೇಳುವುದು ಬಲು ಕಷ್ಟದ ಕೆಲಸ ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ, ಪಾಪ, ಇವರಿಗೆ ನವಿಲಿನ ಹಾಗೆ ಕೂಗಲು ಬರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಮರುಗುತ್ತಿದ್ದೆ. ನನಗೆ ಬರುತ್ತಿತ್ತು. ನವಿಲು, ಕರಡಿ, ಗೂಬೆ, ಕೆಟ್ಟು ನಿಂತ ಟ್ರ್ಯಾಕ್ಟರು, ಸಾತನೂರು ಬಸ್ಸಿನ ಕಂಡಕ್ಟರು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದರು. ಓದಿನಲ್ಲಿ ನಾನು ಅಷ್ಟಕ್ಕಷ್ಟೇ. ಆದರೆ ಪರೀಕ್ಷೆಯಲ್ಲಿ ನಪಾಸಾದ ದಿನ ಅಪ್ಪ ಬೈದದ್ದನ್ನು ಸಂಜೆಗೆ ಅಪ್ಪನ ದನಿಯಲ್ಲೇ ಓಣಿಗೆಲ್ಲ ಕೇಳಿಸಿ, ಅಪ್ಪನಿಂದಲೇ ಇನ್ನೊಮ್ಮೆ ಬೈಸಿಕೊಂಡವನು. ಕಲೆಗಾಗಿ ಇಷ್ಟು ಸಹಿಸಿದವರು ನಮ್ಮ ಹೋಬಳಿಯಲ್ಲಿ ಇನ್ನೊಬ್ಬರಿಲ್ಲ.

ಇಂಥ ನನ್ನನ್ನು ಅಕ್ಕೂರಿನ ಕಡೆಯ ನಮ್ಮ ಊರಿನ ಶಾಲೆಯವರು ಅತಿಥಿ ಶಿಕ್ಷಕನಾಗಿ ಕರೆದು ವಿಜ್ಞಾನ ಕೊಟ್ಟರು. ಅತಿಥಿ ಎಂದರೆ ಎದ್ದು ಹೋಗು ಎನ್ನುವವರೆಗೆ ಕೂತಿರಬಹುದು. ನಾನು ಆರಾಮಾಗಿ ಕೂತಿದ್ದೆ.

ಒಂದು ದಿನ ಮುಖ್ಯೋಪಾಧ್ಯಾಯಿನಿ ಜಯಮ್ಮ ಮೇಡಂ ನನ್ನನ್ನು ಕರೆಸಿದರು. ಯಾವ ಮಾತನ್ನೂ ಅವರು ‘ಅರ್ಥ ಆಯ್ತಲ್ಲ’ ಎಂಬ ಬೀಗ ಹಾಕದೆ ಮುಗಿಸುವವರಲ್ಲ.

“ಶಿವರಾಜು ಸರ್, ಮೇಲಿನಿಂದ ಹೇಳಿದ್ದಾರೆ. ಹವಾಮಾನ ಬದಲಾವಣೆಯಿಂದ ಕಾಡುಪ್ರಾಣಿಗಳಿಗೆ, ಗಿಡಮರಗಳಿಗೆ, ಒಟ್ಟು ಜೀವಜಾಲಕ್ಕೆ ಏನಾಗುತ್ತೆ ಅನ್ನೋದನ್ನ ಮಕ್ಕಳಿಗೆ ಮನಮುಟ್ಟೋ ಹಾಗೆ ಹೇಳಬೇಕು. ಕೇಳೋಕೆ ತಾಲ್ಲೂಕಿನಿಂದ ಒಬ್ಬರು ಬರ್ತಾರೆ. ಅರ್ಥ ಆಯ್ತಲ್ಲ.”

“ಅರ್ಥ ಆಯ್ತಲ್ಲ,” ಎಂದೆ, ಅವರದೇ ದನಿಯಲ್ಲಿ. ಬಾಯಿಂದ ಜಾರಿಬಿಟ್ಟಿತು.

ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು. “ಮನ ಮುಟ್ಟಬೇಕು ಅಂದೆ ಸರ್. ಮಾನ ಕಳೀಬೇಕು ಅನ್ನಲಿಲ್ಲ.”

ಮನ ತಾನೇ? ಮುಟ್ಟಿದರಾಯಿತು. ಅದೇನು ಮಹಾ ಎಂದುಕೊಂಡು ಮನೆಗೆ ಬಂದೆ.

ಆಗ ನಮ್ಮ ಕಡೆ ರೇಷ್ಮೆ ಗೂಡಿಗೆ ಬಂದ ಬೆಲೆ ಬೇರೆ ಯಾವುದಕ್ಕೂ ಇರಲಿಲ್ಲ. ರೇಷ್ಮೆ ಹುಳ ಸಾಕಿದವರೆಲ್ಲ ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿ, ಬರುವಾಗ ಹೊಸ ಮೊಬೈಲಿನಲ್ಲಿ ಮಾತಾಡಿಕೊಂಡು ಬರುತ್ತಿದ್ದರು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಹುಳದ ಮೇವಿನ ಹಿಪ್ಪುನೇರಳೆ ಎದ್ದು ನಿಂತಿತ್ತು. ಮದುವೆ ಮಾತುಕತೆಯಲ್ಲಿ ಹುಡುಗ ಏನು ಓದಿದ್ದಾನೆ ಎನ್ನುವುದಕ್ಕೆ ಮೊದಲು ಹುಳಮನೆ ಎಷ್ಟು ಉದ್ದ ಐತೆ ಎಂದು ಕೇಳುತ್ತಿದ್ದರು. ಹೀಗೆ ಊರಿಗೆ ಊರೇ ಏಳುತ್ತಿದ್ದ ಕಾಲದಲ್ಲಿ ಬಿದ್ದವಳು ನಮ್ಮ ಅವ್ವ ಒಬ್ಬಳೇ.

ಅವಳ ತಪ್ಪಲ್ಲ. ನಮ್ಮ ಹುಳಮನೆಯ ಮಾಡು ಶೀಟಿನದು. ಹಿಂದಿನ ಬೇಸಿಗೆಯ ಬಿಸಿಲು ಎಂಥದ್ದೆಂದರೆ, ಮಾವಿನ ಹೂವು ಮರದಲ್ಲೇ ಹುರಿದುಹೋಯಿತು. ಬಾವಿಕಟ್ಟೆಯ ಕಪ್ಪೆಗಳು ಎತ್ತ ಹೋದವೋ ಯಾರಿಗೂ ತಿಳಿಯಲಿಲ್ಲ. ನಮ್ಮ ಹುಳಗಳು ಮೇವು ಬಿಟ್ಟು, ತಲೆ ಎತ್ತಿ, ಹಾಗೇ ಒಣಗಿದವು. ಮಳೆಗಾಲದಲ್ಲಿ ಮಳೆ ಬೇಡದ ಹೊತ್ತಿಗೆ ಸುರಿದು, ಹಸಿ ಸೊಪ್ಪು ತಿಂದ ಇನ್ನೊಂದು ಬೆಳೆಯೂ ಕೊಳೆಯಿತು. ಅವ್ವ ಈ ಸಲ ಎಲ್ಲರೆದುರು ಹೇಳಿಬಿಟ್ಟಿದ್ದಳು.

“ಇದೊಂದು ಬೆಳೆ ನೋಡ್ತೀನಿ. ಇದೂ ವೋಯ್ತು ಅಂದ್ರೆ ಹುಳದ ತಟ್ಟೆ, ಗೂಡು ಕಟ್ಸೋ ಚಂದ್ರಿಕೆ ಎಲ್ಲಾನೂ ಸಾತನೂರಿನ ನಮ್ಮಕ್ಕಂಗೆ ಕಳಿಸ್ಬುಡ್ತೀನಿ. ಆಮೇಲೆ ಈ ಮನೇಲಿ ಹುಳದ ಮಾತು ಎತ್ತಂಗಿಲ್ಲ.”

ಅವ್ವ ಬಾಣಂತಿತನ ಬಿಟ್ಟರೆ ಹುಳಕ್ಕೆ ಮೇವು ಹಾಕುವುದನ್ನು ತಪ್ಪಿಸಿದವಳಲ್ಲ. ಹುಳ ಇಲ್ಲದ ಅವ್ವನನ್ನು ನಾವು ಯಾರೂ ಕಂಡಿರಲಿಲ್ಲ. ಹೀಗಾಗಿ ಆ ಬೆಳೆ ಇಡೀ ಮನೆಯ ಬೆಳೆಯಾಗಿತ್ತು. ಕಿಟಕಿಗೆ ಒದ್ದೆ ಗೋಣಿಚೀಲ, ಅದರ ಹಿಂದೆ ನೈಲಾನ್ ಪರದೆ, ಬಾಗಿಲಿಗೆ ಇನ್ನೊಂದು ಪರದೆ. ಕಾಲು ತೊಳೆಯದೆ ಒಳಗೆ ಕಾಲಿಟ್ಟವನಿಗೆ ಅವ್ವ ಪೊರಕೆ ತೋರಿಸುತ್ತಿದ್ದಳು. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆಯಿಂದ, ಹುಳಗಳು ಎದ್ದಿದ್ದವು. ಮದುವೆಮನೆಯ ಎರಡನೇ ಪಂಕ್ತಿಯವರ ಹಾಗೆ ತಲೆ ತಗ್ಗಿಸಿ ಮೇಯುತ್ತಿದ್ದವು. ಇನ್ನು ಕೆಲವೇ ದಿನದಲ್ಲಿ ಬಲಿತು ಹಣ್ಣಾಗಿ ಗೂಡು ಕಟ್ಟಬೇಕು.

ಆ ಪರದೆ ಯಾಕೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ಕೆಟ್ಟವನು ನಾನು. ಊಜಿ ನೊಣ ಎಂದು ಒಂದಿದೆ. ಅದು ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿ ಹುಳದ ಒಳಕ್ಕೆ ಹೊಕ್ಕು, ಒಳಗೇ ಉಂಡು, ಕೊನೆಗೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ನೂಲು ತೆಗೆಯಲು ಆಗುವುದಿಲ್ಲ. ನಮ್ಮ ಊರಿನ ಮಕ್ಕಳು ಅಮ್ಮ ಎನ್ನುವುದಕ್ಕೆ ಮೊದಲು ‘ಪರದೆ ಹಾಕು’ ಎನ್ನುವುದನ್ನು ಕಲಿಯುತ್ತಾರೆ. ಹಾಗೆಂದು ನಾನು ನಂಬಿದ್ದೆ.

ಮೊದಲ ದಿನದ ಪಾಠವನ್ನು ನಾನು ಬಹಳ ಗಂಭೀರವಾಗಿ ಆರಂಭಿಸಿದೆ. ಉತ್ತರ ಧ್ರುವ, ಕರಗುವ ಹಿಮ, ನೆಲೆ ಕಳೆದುಕೊಂಡ ಬಿಳಿ ಕರಡಿ. ಬೋರ್ಡಿನ ಮೇಲೆ ಕರಡಿಯನ್ನೂ ಬರೆದೆ.

ಹಿಂದಿನ ಸಾಲಿನ ಕಿರಣ ಕೈ ಎತ್ತಿದ. ಇವನು ನಮ್ಮ ಪಕ್ಕದ ಮನೆಯ ಬೋರಣ್ಣನ ಮಗ. “ಸಾರ್, ಆ ಕರಡಿ ಯಾಕೆ ಬೆಳ್ಳಗೈತೆ? ಸುಣ್ಣ ಹೊಡ್ದವ್ರಾ?”

ಹುಳಮನೆಗೆ ಸುಣ್ಣ ಹೊಡೆಯುವುದು ಬಿಟ್ಟರೆ ಬಿಳಿ ಬಣ್ಣಕ್ಕೆ ಬೇರೆ ಕಾರಣ ಇರಬಹುದೆಂದು ಆ ಮಕ್ಕಳಿಗೆ ಹೊಳೆಯಲಿಲ್ಲ. ಸರಿ, ಧ್ರುವ ದೂರವಾಯಿತು, ರಾಮನಗರದ ಬೆಟ್ಟಕ್ಕೆ ಬರೋಣ ಎಂದು ಹಿಮವನ್ನು ಒರೆಸಿದೆ.

ಮರುದಿನ ಮೇಜಿನ ಮೇಲೆ ಹತ್ತಿ ಕೂತೆ. ಅದೇ ಬಂಡೆ. ನಾನೇ ನಮ್ಮ ಬೆಟ್ಟದ ಕರಡಿ. ಬಂಡೆ ಕಾದಿದೆ, ಹಳ್ಳ ಬತ್ತಿದೆ, ಹಣ್ಣಿನ ಗಿಡ ಒಣಗಿದೆ, ಕರಡಿ ನೀರು ಹುಡುಕಿಕೊಂಡು ಊರ ಕಡೆ ಇಳಿಯುತ್ತಿದೆ. ಏದುಸಿರು ಬಿಟ್ಟೆ. ನಾಲಿಗೆ ಚಾಚಿದೆ. ಮೇಜಿನಿಂದ ಕೆಳಕ್ಕೆ ನಾಲ್ಕು ಕಾಲಿನಲ್ಲಿ ಇಳಿದು, ಬೆಂಚುಗಳ ನಡುವೆ ನರಳುತ್ತ ಹೋಗಿ, ಕಿಟಕಿಯ ಹತ್ತಿರ ಪ್ರಾಣ ಬಿಟ್ಟೆ. ಇಂಥ ಸಾವು ಕಂಪನಿ ನಾಟಕದಲ್ಲೂ ಆಗಿರಲಿಕ್ಕಿಲ್ಲ.

ಕಣ್ಣು ಬಿಟ್ಟು ನೋಡಿದೆ. ತರಗತಿ ಬಿದ್ದು ಬಿದ್ದು ನಗುತ್ತಿತ್ತು.

“ಸಾರ್, ಇನ್ನೊಂದ್ಸಲ ಸಾಯಿರಿ ಸಾರ್.”

ಇನ್ನೊಮ್ಮೆ ಸತ್ತೆ. ರಣಹದ್ದಾಗಿ ಬಂಡೆಯ ಬಿಸಿಗೆ ಗೂಡು ಬಿಟ್ಟು ಹಾರಿದೆ, ಚಪ್ಪಾಳೆ. ಬತ್ತಿದ ಕೆರೆಯ ಕಪ್ಪೆಯಾಗಿ ಕೊನೆಯ ಸಲ ವಟಗುಟ್ಟಿದೆ. ಒಬ್ಬಳು ನಕ್ಕು ನಕ್ಕು ಬಿಕ್ಕಳಿಕೆ ಬಂದು ನೀರು ಕುಡಿಯಲು ಹೋದಳು. ಹೂ ಬಿಡದ ಹೊಂಗೆ ಮರವಾಗಿ ಕೈ ಚಾಚಿ ಸುಮ್ಮನೆ ನಿಂತೆ, ಅದಕ್ಕೂ ನಕ್ಕರು. ಒಣಗಿದ ಮರದಲ್ಲಿ ನಗುವಂಥದ್ದು ಏನಿತ್ತೋ. ನನ್ನ ಮುಖವೇ ಇರಬೇಕು.

ಸ್ಟಾಫ್ ರೂಮಿನಲ್ಲಿ ಮೇಡಂ ಕೇಳಿದರು. “ಜೀವಜಾಲ ನಾಶ ಆಗ್ತಿದೆ ಅಂತ ಪಾಠ ಮಾಡಿದ್ರಂತೆ. ಐದನೇ ಕ್ಲಾಸಿನ ಮಕ್ಕಳು ಇಷ್ಟು ಖುಷಿಯಾಗಿದ್ದದ್ದನ್ನ ನಾನು ಕಂಡೇ ಇಲ್ಲ. ಅರ್ಥ ಆಯ್ತಲ್ಲ.”

ಅರ್ಥ ಆಯಿತು. ಅವತ್ತು ನನಗೆ ಊಟ ಸೇರಲಿಲ್ಲ. ಭೂಮಿ ಬಿಸಿಯಾಗುತ್ತಿರುವುದು ನಿಜ. ಅವ್ವನ ಹುಳ ಒಣಗಿದ್ದು ನಿಜ. ಕಪ್ಪೆ ಮಾಯವಾದದ್ದು ನಿಜ. ಇಷ್ಟೆಲ್ಲ ನಿಜ ನನ್ನ ಬಾಯಿಗೆ ಬಂದ ಕೂಡಲೇ ತಮಾಷೆಯಾಗುತ್ತಿತ್ತಲ್ಲ. ಎಲ್ಲರನ್ನೂ ಅಣಕಿಸಿಕೊಂಡು ತಿರುಗಿದವನು ಹೊತ್ತಿ ಉರಿಯುವ ಮನೆಯ ಮುಂದೆ ನಿಂತು ಬೆಂಕಿ ಎಂದು ಕೂಗಿದರೂ, ಜನ ‘ಬೆಂಕಿಯ ದನಿ ಎಷ್ಟು ಚೆನ್ನಾಗಿ ಮಾಡ್ತಾನೆ’ ಎಂದುಬಿಡುತ್ತಾರೆ.

ಆಗಲಿ. ನಗಿಸಿದ್ದು ಸಾಕು, ಅಳಿಸುತ್ತೇನೆ ಎಂದು ತೀರ್ಮಾನಿಸಿದೆ.

ಅಳಿಸಲು ಜಿಂಕೆಯನ್ನೋ ಚಿಟ್ಟೆಯನ್ನೋ ಆರಿಸಿಕೊಳ್ಳುವುದು ಸಾಧಾರಣ ಮೇಷ್ಟ್ರ ಲಕ್ಷಣ. ಮಹಾನ್ ಕಲಾವಿದನಾದ ನಾನು ಯಾರೂ ಕರುಣೆ ತೋರದ ಪ್ರಾಣಿಯನ್ನೇ ಹುಡುಕಿದೆ. ನೊಣ. ಕೀಟ ಚಿಕ್ಕದು, ಆದರೆ ಅದಿಲ್ಲದೆ ಹೂವು ಕಾಯಿ ಕಚ್ಚುವುದಿಲ್ಲ, ಹಕ್ಕಿಯ ಮರಿಗೆ ಗುಟುಕಿಲ್ಲ, ಕಪ್ಪೆಗೆ ಊಟವಿಲ್ಲ. ಬಿಸಿಲು ಏರಿದರೆ ಮೊದಲು ಪರದಾಡುವುದೇ ಅದು. ಇದನ್ನು ನೊಣದ ತಾಯಿಯೊಬ್ಬಳ ಬಾಯಲ್ಲಿ ಹೇಳಿಸಬೇಕು. ತಾಯಿಯ ದನಿಗೆ ನಾನು ದೂರ ಹೋಗಬೇಕಾಗಿರಲಿಲ್ಲ. ಅವ್ವನ ದನಿ ನನ್ನ ಗಂಟಲಿನ ಹಳೇ ಬಾಡಿಗೆದಾರ.

ಮರುದಿನ ಸೆರಗಿನ ಹಾಗೆ ಟವೆಲ್ಲು ಹೊದ್ದು, ಕಾಣದ ಮರಿಗಳನ್ನು ಕಂಕುಳಲ್ಲಿ ಎತ್ತಿಕೊಂಡು, ಬಾಗಿಲಿನಿಂದ ಒಳಗೆ ಬಂದೆ.

“ಎಲ್ಲಿಗೋಗ್ಲಿ ನನ್ನ ಕೂಸುಗಳ ಕಟ್ಕೊಂಡು? ಬಂಡೆ ಮ್ಯಾಲೆ ಕಾಲಿಕ್ಕಂಗಿಲ್ಲ, ಕೆಂಡ. ಹೂ ಬುಡೋ ಕಾಲದಲ್ಲಿ ಹೂವಿಲ್ಲ, ಮಳೆ ಬರೋ ಕಾಲದಲ್ಲಿ ಮಳೆ ಇಲ್ಲ. ಅಳಬ್ಯಾಡ ಕಣ್ ಮೊಗ, ಒಸಿ ತಡ್ಕೊ. ಅಗೋ ಅಲ್ಲೊಂದು ಮನೆ ಐತೆ, ನೆಳ್ಳು ಐತೆ, ತಣ್ಣಗೈತೆ…”

ಕಿಟಕಿಯ ಹತ್ತಿರ ಹೋದೆ. ಇಲ್ಲಿ ಒಂದು ಅಡ್ಡಿ ಬೇಕಿತ್ತು. ಅಡ್ಡಿ ಇಲ್ಲದೆ ಕರುಣರಸ ಎಲ್ಲಿಂದ ಬರಬೇಕು? ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಅಡ್ಡಿ ಒಂದೇ. ಗಾಳಿಯಲ್ಲಿ ಅಂಗೈ ಒತ್ತಿ ನಿಂತೆ.

“ಪರದೆ ಬುಟ್ಟವ್ರೆ ಕಣ್ ಮೊಗ. ಈ ಮನೇಗೂ ಪರದೆ. ಆ ಮನೇಗೂ ಪರದೆ. ನಮ್ಮ ಯಾರೂ ಒಳಕ್ಕೆ ಸೇರ್ಸಕ್ಕಿಲ್ಲ.”

ಒಂದೊಂದೇ ಮರಿಯನ್ನು ಕೆಳಗೆ ಮಲಗಿಸಿ ನಾನೂ ಪಕ್ಕದಲ್ಲಿ ಮಲಗಿದೆ. ಆಮೇಲೆ ಕೇಳಿಸಿತು, ಮೂಗು ಸೇದುವ ಸದ್ದು. ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಮೂಗು ಸೇದುತ್ತಿದ್ದರು. ಕಿರಣ ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡ. ಎಲ್ಲರಿಗಿಂತ ಹೆಚ್ಚು ಅತ್ತವಳು ಚಂದನ. ಅವಳು ನನ್ನ ಅಕ್ಕನ ಮಗಳು, ನಮ್ಮ ಮನೆಯಲ್ಲೇ ಇದ್ದು ಓದುತ್ತಿದ್ದಳು. ಶಾಲೆಯಲ್ಲಿ ನನ್ನನ್ನು ಸಾರ್ ಎಂದೂ ಮನೆಯಲ್ಲಿ ಮಾವ ಎಂದೂ ಕರೆಯುವ ಶಿಸ್ತಿನ ಹುಡುಗಿ. ಪರದೆಯಾಚೆ ನಿಂತ ಅನಾಥೆ ಅವಳ ಅಜ್ಜಿಯ ದನಿಯಲ್ಲೇ ಅಳುತ್ತಿರುವಾಗ ಆ ಮಗು ಇನ್ನೇನು ಮಾಡೀತು?

ಪಾಠ ಕೇಳಲು ತಾಲ್ಲೂಕಿನಿಂದ ಬರಬೇಕಿದ್ದವರೂ ಅವತ್ತೇ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದರು. ಹೋಗುವಾಗ ನನ್ನ ಕೈ ಹಿಡಿದು ಅದುಮಿದರು. ನಾನು ಮನೆಗೆ ಹೋದ ನಡಿಗೆಯನ್ನು ನೀವು ನೋಡಬೇಕಿತ್ತು. ಹಾರ ಒಂದಿಲ್ಲ, ಉಳಿದದ್ದೆಲ್ಲ ಇತ್ತು.

ಅವತ್ತು ಶನಿವಾರ, ಅರ್ಧ ದಿನ. ಶಾಲೆ ಬಿಟ್ಟ ಮೇಲೆ ಮಧ್ಯಾಹ್ನ ಅವ್ವ ಸೊಪ್ಪು ಕೊಯ್ಯಲು ತೋಟಕ್ಕೆ ಹೋದಳು. ನಾನು ಜಗಲಿಯ ಮೇಲೆ ಕಲಾವಿದರು ಮಾಡುವ ನಿದ್ದೆ ಮಾಡಿದೆ. ಸಂಜೆ ಎದ್ದು ಮಂಡಕ್ಕಿ ಮೆಲ್ಲುತ್ತಿದ್ದೆ. ಹುಳಮನೆಯಿಂದ ಅವ್ವನ ದನಿ ಕೇಳಿತು. ಕೂಗಲಿಲ್ಲ ಅವಳು. ಅದೇ ಹೆದರಿಕೆ ಹುಟ್ಟಿಸಿತು.

“ಚಂದನಾ, ಕಿಟಕಿ ಪರದೆ ಎಲ್ಲವ್ವಾ?”

“ಮಡಿಸಿ ಪೆಟ್ಟಿಗೆ ಮೇಲೆ ಇಟ್ಟಿವ್ನಿ ಅಜ್ಜಿ. ಬಾಗ್ಲಿಂದೂ ಅಲ್ಲೇ ಐತೆ. ಅಂಚು ಹರಿದಿಲ್ಲ.”

“ಯಾಕ್ ಕೂಸೇ?”

“ಅವು ಹೊರಗೆ ಬಿಸಿಲಲ್ಲಿ ನಿಂತವಲ್ಲ ಅಜ್ಜಿ. ಅವಕ್ಕೂ ಮರಿ ಇರ್ತವಂತೆ.”

“ಯಾವ್ಕೆ?”

“ನೊಣಕ್ಕೆ.”

ಅವ್ವ ತಟ್ಟೆಗಳನ್ನು ಎಳೆದು ನೋಡುವ ಸದ್ದು ಕೇಳಿತು.

“ಯಾರವ್ವ ನಿಂಗೆ ಯೋಳಿದ್ದು ಇದ್ನ?”

“ಸಾರ್.”

“ಯಾವ ಸಾರು?”

ಚಂದನ ಅಜ್ಜಿಯ ಕೈ ಹಿಡಿದು ಜಗಲಿಗೆ ಕರೆದುಕೊಂಡು ಬಂದು, ಮಂಡಕ್ಕಿ ತುಂಬಿದ ಬಾಯಿಯ ನನ್ನನ್ನು ತೋರಿಸಿದಳು. ಬೆರಳು ಚಾಚುವುದು ಮರ್ಯಾದೆಯಲ್ಲವೆಂದು ಅಂಗೈಯಿಂದ ತೋರಿಸಿದಳು. ಅದನ್ನು ಕಲಿಸಿದವನೂ ನಾನೇ.

ಅವ್ವ ಪೊರಕೆ ಎತ್ತಲಿಲ್ಲ. ಸೀದಾ ಒಳಗೆ ಹೋಗಿ ಪರದೆ ಕಟ್ಟತೊಡಗಿದಳು. ನಾನು ಟವೆಲ್ಲು ಬೀಸಿಕೊಂಡು ನೊಣ ಅಟ್ಟಲು ನುಗ್ಗಿದೆ. ಕಾಲು ತೊಳೆದಿರಲಿಲ್ಲ. “ಆಚೆಗೋಗು” ಎಂದಳು. ಕಾಲು ತೊಳೆದು ಬಂದೆ. ಟವೆಲ್ಲಿನ ಗಾಳಿಗೆ ಒಂದು ತಟ್ಟೆ ಸ್ಟ್ಯಾಂಡಿನಿಂದ ಜಾರಿತು, ಹಿಡಿಯಲು ಹೋಗಿ ಇನ್ನೊಂದನ್ನು ಕೆಡವಿದೆ. ಚೆಲ್ಲಿದ ಹುಳಗಳನ್ನು ಆಯುತ್ತ ಕೂತೆ. ಆಯುವಾಗ ನನ್ನ ಕತ್ತಿನ ಹತ್ತಿರದಿಂದಲೇ ಒಂದು ಬೂದು ಪಟ್ಟೆಯ ನೊಣ ಹಾರಿ, ನಿಧಾನವಾಗಿ ಮೇಲಿನ ತಟ್ಟೆಯ ಮೇಲೆ ಇಳಿಯಿತು. ನೆಂಟರ ಮನೆಗೆ ಬಂದವರು ಹೀಗೇ ಕೂರುತ್ತಾರೆ.

ಅಷ್ಟರಲ್ಲಿ ಹೊರಗಿನಿಂದ ಬೋರಣ್ಣನ ದನಿ.

“ಲೇ ಸಿವರಾಜ, ಈಚೆಗ್ ಬಾ ಒಸಿ. ನನ್ ಮಗ ಹುಳಮನೆ ಕಿಟಕಿ ಬಿಚ್ಕೊಂಡು, ‘ಬನ್ರವ್ವ ಒಳಕ್ಕೆ, ನೆಳ್ಳೈತೆ’ ಅಂತ ಯಾರನ್ನೋ ಕರೀತಾ ನಿಂತವ್ನೆ. ನನ್ನೆಂಡ್ತಿ ನೋಡ್ತಿದ್ದಂಗೇ ಮುಚ್ಚಿದ್ಲು, ಬದುಕ್ಕಂಡೊ. ಏನ್ಲಾ ಪಾಠ ಅದು?”

“ಜೀವಜಾಲ, ಬೋರಣ್ಣ.”

“ಜಾಲ ಬಿಚ್ಚು ಅಂತ ಪಾಠನಾ? ಜಾಲ ಕಟ್ಟಕ್ಕೆ ನಮ್ಮಪ್ಪನ ಕಾಲದಿಂದ ಒದ್ದಾಡ್ತಾ ಇವ್ನಿ ನಾನು.”

ವಿಚಾರಿಸಿದರೆ ಎಲ್ಲ ಮನೆಯಲ್ಲೂ ಮಕ್ಕಳು ಪರದೆಗೆ ಕೈ ಹಾಕಿದ್ದರು. ಎಲ್ಲ ಮನೆಯಲ್ಲೂ ಯಾರಾದರೂ ದೊಡ್ಡವರು ಎಚ್ಚರವಾಗಿದ್ದು ತಡೆದಿದ್ದರು. ಎಚ್ಚರವಾಗಿರಬೇಕಾದ ದೊಡ್ಡವನು ಮಲಗಿದ್ದ ಮನೆ ಒಂದೇ.

ಸೋಮವಾರ ತರಗತಿಗೆ ನಾನು ಪರಿಹಾರ ಹೊತ್ತುಕೊಂಡು ಹೋದೆ. ಅದೇ ನೊಣ, ಈ ಸಲ ದುಷ್ಟ. ಹುಬ್ಬು ಗಂಟಿಕ್ಕಿ, ಕಂಡಕ್ಟರಿನ ದನಿಯಲ್ಲಿ, “ಹಹಾ, ಎಲ್ಲಿದೆ ಹುಳ, ಮೊಟ್ಟೆ ಇಡುತ್ತೇನೆ” ಎಂದು ಗರ್ಜಿಸಿದೆ.

ಮಕ್ಕಳು ನಗಲಿಲ್ಲ, ಹೆದರಲೂ ಇಲ್ಲ. ಸಂಕಟದಿಂದ ನೋಡುತ್ತಿದ್ದರು.

“ಸಾರ್,” ಎಂದ ಕಿರಣ, “ಶನಿವಾರ ಮಾಡಿದ್ದೇ ಚೆನ್ನಾಗಿತ್ತು.”

ಟವೆಲ್ಲು ಕೆಳಗಿಟ್ಟು ನನ್ನ ಮಾಮೂಲಿ ದನಿಯಲ್ಲೇ ವಿವರಿಸಿದೆ. ನೊಣಕ್ಕೂ ಬದುಕು ಇದೆ ನಿಜ. ಆದರೆ ಊಜಿ ನೊಣ ಬೇರೆ. ಅದು ನಮ್ಮ ಹುಳಮನೆಗೆ ಬರಬಾರದು. ಹೊರಗೆ ಇದ್ದರೆ ಇರಲಿ. ಹೇಳುತ್ತ ಹೇಳುತ್ತ ನನಗೇ ಅನಿಸಿತು, ಈ ಪಾಠಕ್ಕೆ ಎರಡು ತಲೆ ಇದೆ, ಎರಡೂ ಬೇರೆ ಬೇರೆ ಕಡೆ ನೋಡುತ್ತಿವೆ ಎಂದು.

ಚಂದನ ಕೈ ಎತ್ತಿದಳು. “ಸಾರ್, ಅದಕ್ಕೆ ಹುಳ ಬಿಟ್ರೆ ಬೇರೆ ಊಟ ಐತಾ?”

“ಇರಬಹುದು. ಹೊರಗೆ ಬೇರೆ ಕಂಬಳಿಹುಳ ಇರ್ತವೆ.”

“ಈಗ ಹೊರಗೆಲ್ಲಾ ನಾವೇ ಹಿಪ್ಪುನೇರಳೆ ಹಾಕಿದ್ದೀವಲ್ಲ ಸಾರ್. ಬೇರೆ ಹುಳ ಎಲ್ಲವೆ?”

ಅವಳಿಗೆ ಉತ್ತರ ಕೊಡುವ ಮೊದಲೇ ಕಿರಣ ಎದ್ದ. “ಸಾರ್, ಭೂಮಿ ಬಿಸಿ ಮಾಡಿದ್ದು ನೊಣನಾ ನಾವಾ?”

“ನಾವು. ಮನುಷ್ಯರು.”

“ಬೆಟ್ಟದ ಕರಡಿಗೆ ನೀರಿಲ್ಲದಂಗೆ ಮಾಡಿದ್ದು?”

“ಮನುಷ್ಯರೇ.”

ಅವನು ಲೆಕ್ಕ ಹಾಕುವವನ ಹಾಗೆ ಸ್ವಲ್ಪ ಯೋಚಿಸಿ, “ಅಂಗಂದ್ರೆ ಕರಡಿಗೆ ನಾವೇ ಊಜಿ ನೊಣ ಅಲ್ವಾ ಸಾರ್?” ಎಂದ.

ಗಂಟೆ ಹೊಡೆಯಿತು. ನನ್ನ ಇಡೀ ಬೋಧಕ ಜೀವನದಲ್ಲಿ ಆ ಗಂಟೆಯಷ್ಟು ಸಮಯಪ್ರಜ್ಞೆಯ ಸಹೋದ್ಯೋಗಿಯನ್ನು ನಾನು ಕಂಡಿಲ್ಲ.

ಮನೆಯಲ್ಲಿ ಹುಳದ ಬೆನ್ನಿನ ಮೇಲೆ ಕರಿ ಚುಕ್ಕೆಗಳು ಕಾಣತೊಡಗಿದವು. ಮೊಟ್ಟೆ ಒಡೆದು ಮರಿ ಒಳಗೆ ಹೊಕ್ಕ ಗುರುತು. ಅವ್ವ ಒಂದೊಂದನ್ನೇ ಆರಿಸಿ ಬೇರೆ ಹಾಕುತ್ತಿದ್ದಳು. ಅವಳ ಪಕ್ಕದಲ್ಲಿ ಚಂದನ. ಯಾರೂ ಅವಳನ್ನು ಬೈದಿರಲಿಲ್ಲ. ತನ್ನ ದಯೆ ಏನು ಮಾಡಿತು ಎಂದು ಅವಳಿಗೇ ತಿಳಿದಿತ್ತು. ಬಾಯಿ ಬಿಗಿದುಕೊಂಡು ಚುಕ್ಕೆ ಹುಡುಕುತ್ತಿದ್ದಳು.

“ಅವ್ವ, ನಾನೂ ಆರಿಸಲಾ?” ಎಂದೆ.

“ನೀನು ಆಚೆ ಕೂತ್ಕೊ. ಸುಮ್ಕೆ ಕೂತ್ಕೊಂಡ್ರೆ ಅದೇ ಉಪಕಾರ.”

ಬಂಡೆಯ ಹಾಗೆ ಕೂತೆ. ನನ್ನ ಅತ್ಯುತ್ತಮ ಅಭಿನಯ ಅದೇ ಇರಬೇಕು.

ಹುಳಗಳು ಹಣ್ಣಾದವು. ಚಂದ್ರಿಕೆಗೆ ಏರಿಸಿದೆವು. ಬಿದಿರಿನ ಆ ದೊಡ್ಡ ಚಾಪೆಯ ಸುರುಳಿ ಸುರುಳಿಗಳಲ್ಲಿ ಅವು ಕೂತು ಗೂಡು ಕಟ್ಟಿದವು. ಆರಿಸುವಾಗ ಕಣ್ಣು ತಪ್ಪಿ ಉಳಿದ ಚುಕ್ಕೆಯವೂ ಕಟ್ಟಿದವು, ಚುಕ್ಕೆ ಇಲ್ಲದವೂ ಕಟ್ಟಿದವು. ನೋಡಲು ಎಲ್ಲ ಒಂದೇ, ಮುತ್ತಿನ ಹಾಗೆ. ನನಗೆ ಆಸೆ ಹುಟ್ಟಿತು. ಬಹುಶಃ ನೊಣಗಳಿಗೂ ನನ್ನ ಪಾಠ ಮುಟ್ಟಿ ಮನಸ್ಸು ಕರಗಿರಬಹುದು ಎಂದುಕೊಂಡೆ. ನಿರಾಶೆಯಲ್ಲಿರುವವನು ನೊಣದ ಮನಸ್ಸನ್ನೂ ನಂಬುತ್ತಾನೆ.

ಗೂಡು ಬಿಡಿಸಿ ರಾಮನಗರಕ್ಕೆ ಹೊತ್ತುಕೊಂಡು ಹೋದೆವು. ಮಾರುಕಟ್ಟೆಯಲ್ಲಿ ಅಕ್ಕಪಕ್ಕದವರ ಗೂಡಿನ ಮುಂದೆ ನೂಲು ತೆಗೆಯುವ ರೀಲರುಗಳು ಮುಗಿಬಿದ್ದಿದ್ದರು. ನಮ್ಮ ರಾಶಿಯ ಮುಂದೆಯೂ ಒಬ್ಬರು ನಿಂತು, ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗಿನ ಸದ್ದು ಕೇಳಿ ಅವರ ಮುಖ ಅರಳಿತು. ಅವ್ವ ಸೆರಗು ಸರಿ ಮಾಡಿಕೊಂಡಳು. ಅವರು ಇನ್ನೊಂದನ್ನು ಎತ್ತಿದರು. ಅದರಲ್ಲಿ ತೂತು. ಮತ್ತೊಂದರಲ್ಲೂ ತೂತು. ಅಷ್ಟರಲ್ಲಿ ರಾಶಿಯ ಮೇಲೆಯೇ, ಹೊತ್ತು ಗೊತ್ತು ನೋಡಿಕೊಂಡು ಬಂದವರಂತೆ, ಬೆಳ್ಳನೆಯ ದಪ್ಪ ಮರಿಯೊಂದು ಗೂಡು ಕೊರೆದು ಹೊರಗೆ ಇಣುಕಿತು. ಅದರ ಪಕ್ಕದಲ್ಲಿ ಇನ್ನೊಂದು. ನೊಣದ ತಾಯಿಯ ಕೂಸುಗಳು. ಚೆನ್ನಾಗಿ ಉಂಡಿದ್ದವು.

“ಪರದೆ ಕಟ್ಟಲಿಲ್ವೇನಮ್ಮ?” ಎಂದರು ರೀಲರು, ಬೈಯುವ ಹಾಗಲ್ಲ, ಸಾವಿನ ಮನೆಯಲ್ಲಿ ಕೇಳುವ ಹಾಗೆ.

“ಕಟ್ಟಿದ್ದೆ ಕಣಪ್ಪ,” ಎಂದಳು ಅವ್ವ. ಅಷ್ಟೇ. ನನ್ನ ಕಡೆ ನೋಡಲೂ ಇಲ್ಲ. ನೋಡಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ತೂತು ಗೂಡಿಗೆ ಸಿಗುವ ಬೆಲೆಗೆ ಕೊಟ್ಟು ಬಂದೆವು. ಆ ವಾರ ಲಗೇಜ್ ಆಟೋ ಬಂತು. ತಟ್ಟೆ, ಸ್ಟ್ಯಾಂಡು, ಚಂದ್ರಿಕೆ ಎಲ್ಲ ಸಾತನೂರಿನ ದೊಡ್ಡಮ್ಮನ ಮನೆಗೆ ಹೋದವು. ಬೋರಣ್ಣನೇ ಬಂದು ಹಗ್ಗ ಬಿಗಿದ. ಆಟೋ ಹೋದ ಮೇಲೆ ಅವ್ವ ಖಾಲಿ ಹುಳಮನೆಗೆ ಹೋಗಿ ಕಸ ಗುಡಿಸಿದಳು. ಮೇವು ಹಾಕುವ ಹೊತ್ತಾದಾಗಲೆಲ್ಲ ಎದ್ದು ನಿಲ್ಲುವಳು. ಯಾಕೆ ಎದ್ದೆ ಎಂದು ಅವಳಿಗೇ ತೋಚದೆ, ಸೊಂಟ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ಮತ್ತೆ ಕೂರುವಳು.

ಶಾಲೆಯಲ್ಲಿ ಜಯಮ್ಮ ಮೇಡಂ ನನ್ನನ್ನು ಕೂರಿಸಿಕೊಂಡು ಹೇಳಿದರು. “ನಿಮ್ಮ ಪಾಠ ಬಹಳ ಪರಿಣಾಮಕಾರಿ ಅಂತ ತಾಲ್ಲೂಕಿನವರು ಹೇಳಿದ್ದಾರೆ. ಊರಿನವರೂ ಅದನ್ನೇ ಹೇಳ್ತಾ ಇದ್ದಾರೆ, ಬೇರೆ ಮಾತಲ್ಲಿ. ನಾಳೆಯಿಂದ ನೀವು ಗಣಿತ ತಗೊಳ್ಳಿ.”

‘ಅರ್ಥ ಆಯ್ತಲ್ಲ’ ಎಂದು ಕೇಳುವ ಅಗತ್ಯವೂ ಅವರಿಗೆ ಕಾಣಲಿಲ್ಲ.

ಗಣಿತ ಒಳ್ಳೆಯ ವಿಷಯ. ಅದರಲ್ಲಿ ಯಾರ ಮೇಲೂ ಯಾರಿಗೂ ಕರುಣೆ ಹುಟ್ಟುವುದಿಲ್ಲ, ನಾನು ಹೇಳಿಕೊಡುವಾಗ ಗಣಿತದ ಮೇಲೆ ಹುಟ್ಟಿದರೆ ಅಷ್ಟೇ. ಅದೇ ಸಮಯಕ್ಕೆ ಶಾಲೆಯ ಬಿಸಿಯೂಟದ ಅಡುಗೆಗೆ ಇನ್ನೊಬ್ಬರು ಬೇಕಾಯಿತು. ಸುಮ್ಮನೆ ಎದ್ದು ಕೂರುವುದಕ್ಕಿಂತ ವಾಸಿ ಎಂದು ಅವ್ವ ಬಂದು ಸೇರಿದಳು. ಅಡುಗೆಮನೆಯ ಕಿಟಕಿ ನನ್ನ ತರಗತಿಗೆ ಎದುರು. ಹೀಗಾಗಿ ಈಗ ನನ್ನ ಒಂದೊಂದು ಪಾಠವನ್ನೂ ಅವ್ವ ಬಿಡದೆ ಕೇಳುತ್ತಾಳೆ. ಭಾಗಾಕಾರ ಹೇಳುವಾಗ ಬಾಯಿ ತಪ್ಪಿ ಹಕ್ಕಿ, ಮರ ಎಂದೇನಾದರೂ ಬಂದರೆ, ಅಲ್ಲಿ ಸೌಟು ಪಾತ್ರೆಯ ಅಂಚಿಗೆ ಒಂದು ಸಲ ಬಡಿಯುತ್ತದೆ. ನಾನು ಹಕ್ಕಿ ಬಿಟ್ಟು ಹಲಗೆಗೆ ಬರುತ್ತೇನೆ.

ಮೊನ್ನೆ ಬಿಸಿಲು ಹೇಗಿತ್ತೆಂದರೆ, ಗಾಳಿ ಕೂಡ ನೆರಳು ಹುಡುಕುತ್ತಿತ್ತು. ಮಕ್ಕಳು ಪುಸ್ತಕದಲ್ಲಿ ಬೀಸಿಕೊಳ್ಳುತ್ತ ಕೂತಿದ್ದರು. ಚಂದನ ಎದ್ದು ನಿಂತಳು.

“ಸಾರ್, ಒಂದೇ ಒಂದು ಕೇಳ್ಲಾ? ಲೆಕ್ಕದ್ದಲ್ಲ.”

“ಕೇಳು.”

“ಇಷ್ಟು ಬಿಸಿಲಾದ್ರೆ ಇವತ್ತು ಜಾಸ್ತಿ ಕಷ್ಟ ಯಾರಿಗೆ ಸಾರ್?”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತ ಅವ್ವ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ಅವಳ ಹೆಸರನ್ನೇ ಹೇಳಬೇಕಿತ್ತು. ಧೈರ್ಯ ಬರಲಿಲ್ಲ.

“ಮೇಷ್ಟ್ರಿಗೆ,” ಎಂದೆ.

“ಬರ್ಕೊಳಿ ಮಕ್ಕಳೇ,” ಎಂದಳು ಅವ್ವ ಕಿಟಕಿಯಿಂದ. “ಅದೊಂದು ಸರಿಯಾಗಿ ಯೋಳವ್ನೆ.”

ಮಕ್ಕಳು ಬರೆದುಕೊಂಡರು.